ದೊಡ್ಡ ಟರ್ಬೊ, ಟಿನ್ ಫ್ಯಾಕ್ಟರಿ ಜಾಮು

ಲಾರಿಗೆ ದೊಡ್ಡ ಟರ್ಬೊ ಹಾಕಿಸುವ ಆಸೆ ಕೃಷ್ಣರಾಜಪುರದಲ್ಲಿ ಯಾರಿಗಾದರೂ ಹುಟ್ಟಿದರೆ, ಅವರನ್ನು ಸಂಜೆ ಹೊತ್ತು ತೂಗುಸೇತುವೆ ಹತ್ತಿರ ನಿಲ್ಲಿಸಬೇಕು. ಟಿನ್ ಫ್ಯಾಕ್ಟರಿವರೆಗೂ ಗಾಡಿ ಎರಡನೇ ಗೇರಿನ ಮುಖ ಕಾಣುವುದಿಲ್ಲ, ಇನ್ನು ಟರ್ಬೊ ಯಾವಾಗ ತಿರುಗೀತು!

ನಮ್ಮ ಪಕ್ಕದ ಮನೆಯ ಲಾರಿ ಮಾಲೀಕರಿಗೆ ಮಾತ್ರ ಲೇಹ್‌ಗೆ ಟ್ರೈಲರ್ ಎಳೆಯುವ ಕನಸು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಅಷ್ಟೇ. ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಕರಿಹೊಗೆ ಏಳುತ್ತದೆ.

“ದೊಡ್ಡದು ಹಾಕ್ಸಿದ್ರೆ ಮುಗೀತಲ್ಲ ಸಾರ್?”

ಎಲ್ಲಿ ಮುಗಿಯುತ್ತೆ? ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವುದೇ ಟರ್ಬೊ. ಅದರ ದೊಡ್ಡ ಚಕ್ರ ತಿರುಗಲು ಹೊಗೆಯ ರಭಸ ಬೇಕು. ಭಾರ ಹೊತ್ತು ಏರಿನಲ್ಲಿ ಎಂಜಿನ್ ನಿಧಾನವಾದಾಗ ಅದು ಕಾಫಿ ಕುಡಿಯದ ಗುಮಾಸ್ತರ ಹಾಗೆ, ಏಳುವುದೇ ಇಲ್ಲ. ಚಿಕ್ಕದು ಬೇಗ ಏಳುತ್ತದೆ, ಆದರೆ ತೆಳುಗಾಳಿಯಲ್ಲಿ ಮಿತಿಮೀರಿ ತಿರುಗಿ ಬೇರಿಂಗಿಗೇ ಸಂಚಕಾರ.

ಇದನ್ನು ತಿಳಿಯಲು ಹಿಮಾಲಯ ಯಾಕೆ, ನಮ್ಮೂರ ಡೀಸೆಲ್ ಲೋಕೊ ಶೆಡ್ ಇಲ್ಲವೇ? ಹಳೆಯ ಆಲ್ಕೊ ಎಂಜಿನ್ನುಗಳು ಹೊರಡುವಾಗ ಆಕಾಶಕ್ಕೆ ಮಸಿ ಬಳಿಯುತ್ತಿದ್ದದ್ದು ಟರ್ಬೊ ತಡವಾಗಿ ಎದ್ದೇ. ಆಮೇಲೆ ಬಂದ 4,000 ಅಶ್ವಶಕ್ತಿಯ ಡಬ್ಲ್ಯೂಡಿಜಿ-4 ಜಾಣ. ಶುರುವಿನಲ್ಲಿ ಎಂಜಿನ್ನೇ ಗೇರಿನಿಂದ ಟರ್ಬೊ ತಿರುಗಿಸುತ್ತದೆ. ಹೊಗೆಗೆ ಬಲ ಬಂದ ಮೇಲೆ ಕ್ಲಚ್ಚು ತಾನೇ ಕಳಚಿಕೊಳ್ಳುತ್ತದೆ.

ಮಾಲೀಕರು ಕಣ್ಣರಳಿಸಿ ಕೇಳಿದರು. “ಸಾರ್, ಆ ರೈಲಿಂದೇ ಹಳೇದೊಂದು ಗುಜರೀಲಿ ಸಿಗುತ್ತಾ?”