ಗಡ್ಡಿ ಖಾಲಿ ಐತ್ರಿ, ಶೂಟಿಂಗಿಗೆ ಬರ್ರಿ

ಚಿತ್ರನಗರಿ ಕಟ್ಟಲು ಮೈಸೂರಿನಲ್ಲಿ 150 ಎಕರೆ ಕೊಟ್ಟಿದ್ದೇವೆಂದು 2025ರ ಬಜೆಟ್ಟಿನಲ್ಲಿ ಸರ್ಕಾರ ಹೇಳಿತು. ಕೊಪ್ಪಳ ಜಿಲ್ಲೆಯವರು ಮುನಿಸಿಕೊಳ್ಳಬೇಕಿಲ್ಲ. ನಮ್ಮ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡಿ ಇದೆಯಲ್ಲ, ಅದರ ಪ್ರಚಾರದ ಕರಪತ್ರವನ್ನು ನಾನೇ ಬಿಟ್ಟಿಯಾಗಿ ಬರೆದುಕೊಡುತ್ತೇನೆ.

ಸುತ್ತ ತುಂಗಭದ್ರೆ, ಆಚೆ ದಂಡೆಗೆ ವಿರೂಪಾಕ್ಷನ ಗೋಪುರ, ಈಚೆಗೆ ಬಂಡೆಗುಡ್ಡ, ನಡುವೆ ಭತ್ತದ ಗದ್ದೆ. ಜಾಗ ತೆರವು ಮಾಡಿಸುವ ಖರ್ಚೂ ಇಲ್ಲ. ಹೊರದೇಶದವರು ಹಿಪ್ಪಿ ಐಲ್ಯಾಂಡ್ ಎಂದು ಕರೆದು ತಿಂಗಳುಗಟ್ಟಲೆ ಬಿದ್ದಿರುತ್ತಿದ್ದ ರೆಸಾರ್ಟುಗಳನ್ನು 2020ರ ಮಾರ್ಚಿನಲ್ಲಿ ಜೆಸಿಬಿಗಳು ನೆಲಸಮ ಮಾಡಿ ಹೋಗಿವೆ. 1988ರ ಅಧಿಸೂಚನೆಯಂತೆ ಅದು ಸಂರಕ್ಷಿತ ಪ್ರದೇಶ, ಕಟ್ಟಡಗಳು ಅಕ್ರಮ ಎಂದು ಸುಪ್ರೀಂ ಕೋರ್ಟೇ ಫೆಬ್ರುವರಿಯಲ್ಲಿ ಹೇಳಿತ್ತು. ಕಾನೂನು ಕಾನೂನೇ, ತಕರಾರಿಲ್ಲ. ಅಷ್ಟೂ ವರ್ಷ ಆ ಹೋಟೆಲುಗಳು ಯಾರ ಕಣ್ಣಿಗೂ ಬೀಳದಂತೆ ಬೆಳೆದದ್ದು ಹೇಗೆ ಎಂದು ಕೇಳುವವರು ಸಿನಿಮಾಕ್ಕೆ ಲಾಯಕ್ಕಿಲ್ಲ, ಪತ್ತೇದಾರಿ ಕಾದಂಬರಿ ಬರೆದುಕೊಂಡಿರಲಿ. ನಿರ್ಮಾಪಕರು ತಿಳಿಯಬೇಕಾದ ನಿಯಮ ಇಷ್ಟೇ: ಗರಿ ಹೊದಿಸಿದ ಗುಡಿಸಲಲ್ಲಿ ಇಡ್ಲಿ ಬೇಯಿಸಿದರೆ ಪರಂಪರೆಗೆ ಧಕ್ಕೆ, ಥರ್ಮಾಕೋಲಿನಲ್ಲಿ ಅರಮನೆ ಎಬ್ಬಿಸಿದರೆ ಪರಂಪರೆಗೆ ಪ್ರಚಾರ.

ಪ್ರವಾಹದ ದೃಶ್ಯವಿದೆಯೇ? ಗ್ರಾಫಿಕ್ಸಿಗೆ ದುಡ್ಡು ಸುರಿಯಬೇಡಿ. ಡ್ಯಾಮಿನಿಂದ ನೀರು ಬಿಟ್ಟರೆ ಗಡ್ಡಿ ತಾನಾಗಿ ಜಗತ್ತಿನ ಸಂಪರ್ಕ ಕಡಿದುಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಕೊಂಡರು. ಅವರನ್ನು ಕಾಪಾಡಲು ಬಂದವರ ದೋಣಿಯೇ ಮಗುಚಿ, ಕಾಪಾಡುವವರನ್ನು ಕಾಪಾಡಲು ಹೆಲಿಕಾಪ್ಟರ್ ಬಂತು. ಯಾವ ಕಥೆಗಾರನಿಗೆ ಇಂಥ ಇಂಟರ್‌ವಲ್ ಹೊಳೆದೀತು? 2024ರ ಆಗಸ್ಟಿನಲ್ಲಂತೂ ಡ್ಯಾಮಿನ 19ನೇ ಗೇಟು ಚೈನ್ ಕಡಿದುಕೊಂಡು ರಾತ್ರೋರಾತ್ರಿ ಕೊಚ್ಚಿಹೋಯಿತು. ರಿಹರ್ಸಲ್ ಇರಲಿಲ್ಲ, ಒಂದೇ ಟೇಕು.

ಮಬ್ಬು ಮುಂಜಾವಿಗೆ ಹೊಗೆ ಯಂತ್ರವನ್ನು ಬೆಂಗಳೂರಿನಿಂದ ಹೊತ್ತು ತರಬೇಡಿ. ಯೂನಿಟ್ಟು ಗಿಣಿಗೇರಿ ಕಡೆ ಒಂದು ಸುತ್ತು ಹಾಕಿದರೆ ಸಾಕು. ಕಾರ್ಖಾನೆಗಳು ಆ ಸೇವೆಯನ್ನು ಹಗಲೂ ರಾತ್ರಿ ಉಚಿತವಾಗಿ ಕೊಡುತ್ತಿವೆ, ಮೇಕಪ್ಪು ಸಮೇತ.

ಗುಂಪಿನ ದೃಶ್ಯಕ್ಕೆ ಕುಷ್ಟಗಿ, ಯಲಬುರ್ಗಾದ ಜನ ಇದ್ದಾರೆ ಎಂದು ಬರೆಯಹೊರಟೆ. ಬಿತ್ತನೆ ಇಲ್ಲದ ತಿಂಗಳಲ್ಲಿ ಅವರು ಮಂಗಳೂರಿಗೆ, ಗೋವಾಕ್ಕೆ ಗುಳೇ ಹೋಗಿರುತ್ತಾರೆ. ಯುದ್ಧಕ್ಕೆ ಸೈನಿಕರು ಬೇಕಾದರೆ ಅಲ್ಲಿಯ ಕಟ್ಟಡಗಳ ಮೂರನೇ ಮಹಡಿಯಲ್ಲಿ ವಿಚಾರಿಸಬೇಕು. ಇಲ್ಲೇ ಉಳಿದವರನ್ನು ಕಾಮಿಡಿ ಟ್ರ್ಯಾಕಿಗೆ ಹಾಕಿಕೊಳ್ಳಿ. ನಮ್ಮವರು ಬಾಯಿ ತೆರೆದು 'ಹೌದ್ರೀ' ಎಂದರೆ ಸಾಕು, ಬೆಂಗಳೂರಿನ ಥಿಯೇಟರು ನಗುತ್ತದೆ. ಹೀರೋ ಹಾಗೆ ಮಾತಾಡುವಂತಿಲ್ಲ, ಅವನು ಪಾಪ ಗಂಭೀರ ಮನುಷ್ಯ.

ಫ್ರೇಮಿನ ವಿಷಯದಲ್ಲಿ ಈ ದಂಡೆ ಎಂದಿನಿಂದಲೂ ಶಿಸ್ತಿನದು. ಆನೆಗೊಂದಿಯವರಿಗೆ ಹೊಳೆ ದಾಟಲು ಸೇತುವೆ ಕಟ್ಟಹೊರಟರೆ, ಅದು ಹಂಪಿಯ ಚೆಲುವು ಕೆಡಿಸುತ್ತದೆಂಬ ಕೂಗೆದ್ದು, 1999ರಲ್ಲಿ ಯುನೆಸ್ಕೊ ಹಂಪಿಯನ್ನೇ ಅಪಾಯದ ಪಟ್ಟಿಗೆ ಹಾಕಿತು. ಕೆಲಸ ನಿಂತಿತು, ಮತ್ತೆ ಶುರುವಾಯಿತು, 2009ರ ಜನವರಿಯಲ್ಲಿ ಮುಗಿಯುವ ಮೊದಲೇ ಕಾರ್ಮಿಕರನ್ನು ಕಟ್ಟಿಕೊಂಡು ಹೊಳೆಗೆ ಕುಸಿಯಿತು. ಇದರಲ್ಲಿ ನಗಲು ನನಗೂ ಬಾಯಿ ಬರುವುದಿಲ್ಲ.

ಇನ್ನು ಹೆಸರು. ಜಾಕಿ ಚಾನ್ 'ದಿ ಮಿಥ್' ಚಿತ್ರಕ್ಕಾಗಿ ಹಂಪಿಗೆ ಬಂದಾಗಿನಿಂದ ಹಾಂಕಾಂಗಿನವರಿಗೂ ಹಂಪಿ ಗೊತ್ತು. ಈ ದಂಡೆಯಲ್ಲಿ ಏನೇ ತೆಗೆದರೂ ಟೈಟಲ್ ಕಾರ್ಡಿನಲ್ಲಿ ಬರುವುದು ಹಂಪಿಯೇ. ಆನೆಗೊಂದಿ, ಸಣಾಪುರ ಕೆರೆ, ಪಂಪಾಸರೋವರ, ಅಂಜನಾದ್ರಿ ಎಲ್ಲವೂ ಕೊಪ್ಪಳ ಜಿಲ್ಲೆಯವು, ಆದರೂ ರೀಲ್ಸಿನಲ್ಲಿ 'ಹಂಪಿ ಟ್ರಿಪ್'. 1997ರಲ್ಲಿ ಹುಟ್ಟಿದ ಜಿಲ್ಲೆ ಇನ್ನೂ ಸಣ್ಣದು, ಡ್ಯೂಪಾಗಿ ಅನುಭವ ಪಡೆಯಲಿ.

ಕರಪತ್ರದ ಕೊನೆಗೆ 'ಸ್ಥಳೀಯರ ಸಂದೇಹಗಳು' ಎಂಬ ಭಾಗವೂ ಬೇಕಂತೆ. ಉದ್ಯೋಗ ಸಿಗುತ್ತದೆಯೇ ಎಂಬುದಕ್ಕೆ ಉತ್ತರ ಸುಲಭ: ಸಿಗುತ್ತದೆ, ಮೂರು ದಿನ, ಊಟ ಸಮೇತ. ಪುಟ್ಟಿ ನಡೆಸುವವನೊಬ್ಬ ಕೇಳಬಹುದಾದ ಪ್ರಶ್ನೆಗೆ ಮಾತ್ರ ಯಾವ ಇಲಾಖೆಯನ್ನು ಕೇಳಬೇಕೋ ನೋಡುತ್ತಿದ್ದೇನೆ: "ಸಾಹೇಬ್ರ, ಶೂಟಿಂಗ್ ಮುಗದ ಮ್ಯಾಲ ಆ ಪ್ಲೈವುಡ್ ಅರಮನಿ ಬಿಟ್ಟು ಹೋಗ್ತಾರಲ್ರಿ, ಅದರಾಗ ಒಂದು ಚಾದಂಗಡಿ ಇಟ್ರ ಕೆಡವ್ತಾರೇನ್ರಿ?"