ಕಲ್

ಪಟ್ನಾದಲ್ಲಿ ಕೆಲಸಕ್ಕೆ ಸೇರಿದ ಹೊಸತು. ಬಾಡಿಗೆ ಮನೆಯ ಅಂಗಳದಲ್ಲಿದ್ದ ಕೈಪಂಪು ಕೈಕೊಟ್ಟಿತು. ಅದಕ್ಕೆ ಅಲ್ಲಿ ಚಾಪಾಕಲ್ ಅನ್ನುತ್ತಾರೆ. ಮಿಸ್ತ್ರಿ ಬಂದ, ಹಿಡಿಕೆಯನ್ನು ನಾಲ್ಕು ಸಲ ಕಿರ್ರೆನಿಸಿದ, ವಾಷರ್ ಸವೆದಿದೆ ಎಂದ. ಆಮೇಲೆ "ಕಲ್ ಕಾ ಕಾಮ್ ಕಲ್ ಹೋಗಾ" ಅಂದವನೇ ಸೈಕಲ್ ಹತ್ತಿದ.

ಮೊದಲನೆಯ ಕಲ್ ಯಂತ್ರ, ಸಂಸ್ಕೃತದ 'ಕಲಾ'ದಿಂದ ಬಂದದ್ದು. ಎರಡನೆಯದು ನಾಳೆ, ಅದರ ಮೂಲ 'ಕಲ್ಯ', ಅಂದರೆ ಬೆಳಗಿನ ಜಾವ. ತುಮಕೂರಿನಿಂದ ಹೋದ ನನಗೆ ಮಾತ್ರ ಎರಡೂ ಕಲ್ಲೇ.

ಮರುದಿನ ಅವನ ಸುಳಿವಿಲ್ಲ. ಮೂರನೆಯ ದಿನ ಚಹಾದಂಗಡಿಯಲ್ಲಿ ಸಿಕ್ಕಿದ. ಕೇಳಿದರೆ "ಕಲ್ ತೋ ಆಯೇ ಥೇ, ತಾಲಾ ಥಾ" ಎಂದ. ನಾಳೆ ಬಂದು ಬೀಗ ನೋಡಿ ಹೋದನೇ? ಆಗ ತಿಳಿಯಿತು: ಹಿಂದಿಗೆ ನಿನ್ನೆಯೂ ಕಲ್, ನಾಳೆಯೂ ಕಲ್. ಮೊನ್ನೆ, ನಾಡಿದ್ದು ಎರಡಕ್ಕೂ ಸೇರಿ ಒಂದೇ ಪರಸೋಂ. ಯಾವ ಕಲ್ ಎಂದು ಗೊತ್ತಾಗಲು ಕ್ರಿಯಾಪದಕ್ಕೆ ಕಾಯಬೇಕು. ಅದೋ, ಮಿಸ್ತ್ರಿಯ ಹಾಗೆ, ಕೊನೆಗೆ ಬರುವಂಥದ್ದು. ಮರಾಠಿಯವರೇ ವಾಸಿ. ಅದೇ 'ಕಲ್ಯ'ದ ಕೂಸಾದ 'ಕಾಲ್' ಅವರಿಗೆ ಬರೀ ನಿನ್ನೆ. ನಾಳೆಗೆ ಬೇರೆಯೇ 'ಉದ್ಯಾ' ಇದೆ.

ನೀರಿಲ್ಲದ ಮನೆಯಲ್ಲಿ ಕೂತವನಿಗೆ ನಿಘಂಟೇ ಗತಿ. ತುರ್ಕಿ ಭಾಷೆಯಲ್ಲಿ 'ಕಲ್' ಅಂದರೆ 'ಇರು' ಎಂದಂತೆ. ಹೊರಡುವವರು ಉಳಿದವರಿಗೆ 'ಹೋಶ್ಚಾ ಕಲ್', ಸುಖವಾಗಿರು, ಅಂದು ಹೋಗುತ್ತಾರೆ. ನಮ್ಮ ಮಿಸ್ತ್ರಿ ಹೇಳಿದ್ದು ಇದೇ ಇರಬೇಕು. ಲ್ಯಾಟಿನ್ನಿನಲ್ಲಿ 'ಕಲ್ಕುಲಸ್' ಎಂದರೆ ಸಣ್ಣ ಕಲ್ಲು. ರೋಮನ್ನರು ಹರಳಿಟ್ಟು ಲೆಕ್ಕ ಮಾಡುತ್ತಿದ್ದರು, ಕ್ಯಾಲ್ಕುಲೇಟರ್ ಹುಟ್ಟಿದ್ದು ಆ ಹರಳಿನಿಂದಲೇ. ಕನ್ನಡದ ಕಲ್ಲು ರೋಮಿಗೂ ಹೋಗಿತ್ತೇ ಎಂದು ಎದೆಯುಬ್ಬಿಸಿದೆ. ಬರೀ ಕಾಕತಾಳೀಯವಂತೆ. ಇಂಥ ಹೊತ್ತಿನಲ್ಲಿ ಭಾಷಾವಿಜ್ಞಾನಿಗಳಿಗೆ ಕರುಣೆಯೇ ಇರುವುದಿಲ್ಲ.

ಐದನೆಯ ದಿನ ಅಮ್ಮನಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ.

"1990ರ ಸುಮಾರಿಗೆ ನಮ್ಮ ಕಡೆ ಬಾಗಿಲ ಮೇಲೆಲ್ಲ 'ನಾಳೆ ಬಾ' ಅಂತ ಬರೀತಿದ್ರಲ್ಲ, ಜ್ಞಾಪಕ ಇದೆಯಾ?" ಅಂದಳು.

"ದೆವ್ವ ಓದ್ಕೊಂಡು ವಾಪಸ್ ಹೋಗ್ಲಿ ಅಂತ ಅಲ್ವಾ?"

"ಹೂಂ. ನಿನ್ನ ಬಾಗಿಲ ಮೇಲೂ ಯಾರೋ ಬರೆದಿರ್ಬೇಕು. ಹೋಗಿ ನೋಡೋ."

ಫೋನಿಟ್ಟು, ಹೊರಗೆ ಹೋಗಿ ನೋಡಿದೆ.