ಮಾತಾಡುವ ಪೆಟ್ಟಿಗೆ: ಬಳಕೆಯ ಕೈಪಿಡಿ (ಕುರುಬರಹಳ್ಳಿ ಆವೃತ್ತಿ)

ಫೋನಿನಿಂದ ಬಂದ ದುಡ್ಡನ್ನು ಕೂಗಿ ಹೇಳುವ ಸೌಂಡ್ ಬಾಕ್ಸ್ ಕೊಂಡಿದ್ದಕ್ಕೆ ಅಭಿನಂದನೆಗಳು. ಅಲ್ಲ, ತಪ್ಪಾಯಿತು. ನೀವು ಕೊಂಡಿಲ್ಲ, ತಿಂಗಳಿಗೆ ನೂರು ರೂಪಾಯಿ ಆಸುಪಾಸಿನ ಬಾಡಿಗೆಗೆ ಇಟ್ಟುಕೊಂಡಿದ್ದೀರಿ. ಬೆಂಗಳೂರಿನ ಕುರುಬರಹಳ್ಳಿ ಸರ್ಕಲ್ಲಿನಲ್ಲಿ ಅಂಗಡಿ ಇಟ್ಟವರಿಗೆ ಬಾಡಿಗೆ ಅನ್ನುವ ಮಾತು ಹೊಸದೇನಲ್ಲ. ಮಳಿಗೆಗೆ ಕೊಡುತ್ತೀರಿ, ಮನೆಗೆ ಕೊಡುತ್ತೀರಿ. ಇನ್ನು ಮುಂದೆ ಒಂದು ದನಿಗೂ ಕೊಡುತ್ತೀರಿ, ಅಷ್ಟೇ.

ಈ ಕೈಪಿಡಿ ಕಂಪನಿಯವರು ಬರೆದದ್ದಲ್ಲ. ಕಂಪನಿಯ ಕಾಗದದಲ್ಲಿ ಅಕ್ಷರಗಳು ಸಕ್ಕರೆ ಡಬ್ಬದ ಇರುವೆಗಳಂತಿರುತ್ತವೆ, ಯಾರೂ ಓದುವುದಿಲ್ಲ. ಇದನ್ನು ಬರೆದವನು ಕೌಂಟರಿನ ಈಚೆಗೆ ನಿಂತು, ಫೋನು ಹಿಡಿದು, "ಬಂತಾ?" ಎಂದು ಕೇಳುವ ಜಾತಿಯವನು.

ಎಲ್ಲಿಡಬೇಕು

ಪೆಟ್ಟಿಗೆಯ ಹೊಟ್ಟೆಯಲ್ಲಿ ಒಂದು ಸಿಮ್ ಇದೆ. ನಿಮ್ಮ ಫೋನಿಗೆ ಸಿಗ್ನಲ್ ಸಿಗದ ಮೂಲೆಯಲ್ಲಿ ಅದಕ್ಕೂ ಸಿಗುವುದಿಲ್ಲ, ಹಾಗಾಗಿ ಅಕ್ಕಿ ಮೂಟೆಗಳ ಹಿಂದೆ ತಳ್ಳಬೇಡಿ. ಹಾಲಿನ ಕ್ರೇಟಿನಿಂದ ನೀರು ತೊಟ್ಟಿಕ್ಕುವ ಕಡೆ ಬೇಡ. ದೇವರ ಪಟದ ಕೆಳಗೂ ಬೇಡ, ದೀಪದ ಎಣ್ಣೆ ಸ್ಪೀಕರಿನೊಳಗೆ ಇಳಿದರೆ ಲಕ್ಷ್ಮಿ ಬಂದದ್ದು ಕೇಳಿಸುವುದಿಲ್ಲ. ಬಿಎಂಟಿಸಿ ಬಸ್ಸು ತಿರುಗುವ ರಸ್ತೆಯಲ್ಲಿ ಅಂಗಡಿಯಿದ್ದರೆ ಸೌಂಡು ಪೂರ್ತಿ ಇಡಿ. ಗಲ್ಲಿಯ ಒಳಗಿದ್ದರೆ ಅರ್ಧ ಸಾಕು, ಪಕ್ಕದ ಅಂಗಡಿಯವರಿಗೆ ನಿಮ್ಮ ವ್ಯಾಪಾರ ಒಪ್ಪಿಸುವ ಅಗತ್ಯವಿಲ್ಲ.

ಭಾಷೆ ಆರಿಸುವುದು

ಬಂದ ದಿನವೇ ಕನ್ನಡಕ್ಕೆ ಬದಲಾಯಿಸಿ. ತಂದುಕೊಟ್ಟ ಹುಡುಗ "ಹಿಂದಿ ಚೆನ್ನಾಗಿ ಕೇಳುತ್ತೆ ಅಣ್ಣ" ಅಂದರೆ, ಕಿವಿ ನಿಮ್ಮದು ಎಂದು ನೆನಪಿಸಿ. ಆದರೆ ಪೆಟ್ಟಿಗೆಯ ಕನ್ನಡಕ್ಕೆ ಸ್ವಲ್ಪ ಸಿದ್ಧರಾಗಿರಬೇಕು. "ನಲವತ್ತೆರಡು ರೂಪಾಯಿಗಳನ್ನು ಸ್ವೀಕರಿಸಲಾಗಿದೆ" ಎಂಬ ಧಾಟಿಯಲ್ಲಿ ಅದು ಮಾತಾಡುತ್ತದೆ. ಹೈಸ್ಕೂಲಿನಲ್ಲಿ ನಮ್ಮ ಮೇಷ್ಟರು ಬೆತ್ತ ಹಿಡಿದು ಕಲಿಸಿದ ಕರ್ಮಣಿ ಪ್ರಯೋಗ ಜೀವಮಾನದಲ್ಲಿ ಎಲ್ಲೂ ಉಪಯೋಗಕ್ಕೆ ಬರಲಿಲ್ಲವಲ್ಲ ಎಂದುಕೊಂಡಿದ್ದೆ. ಕಡ್ಲೆಪುರಿ ಅಂಗಡಿಯಲ್ಲಿ ಸಿಕ್ಕಿತು.

ಮನುಷ್ಯರ ದನಿಯೇ ಬೇಕೆನ್ನುವವರಿಗೂ ದಾರಿಯಿದೆ. ಬೆಂಗಳೂರಿನದೇ ಕಂಪನಿಯಾದ ಫೋನ್‌ಪೇ 2024ರಲ್ಲಿ ತನ್ನ ಪೆಟ್ಟಿಗೆಗೆ ಕಿಚ್ಚ ಸುದೀಪ್ ದನಿ ತಂದಿತು. ಬಿಗ್ ಬಾಸ್ ಮನೆಯವರನ್ನು ವಾರಕ್ಕೊಮ್ಮೆ ನಿಲ್ಲಿಸಿ ಕೇಳುವ ದನಿ ಇಲ್ಲಿ ದಿನವಿಡೀ ನಿಮಗೆ ಲೆಕ್ಕ ಒಪ್ಪಿಸುತ್ತದೆ.

ಅರಿಶಿನ ಕುಂಕುಮ

ಆಯುಧ ಪೂಜೆಯ ದಿನ ತಕ್ಕಡಿ, ಗಲ್ಲಾಪೆಟ್ಟಿಗೆ, ಸ್ಕೂಟರಿನ ಜೊತೆ ಇದಕ್ಕೂ ಪೂಜೆಯಾಗುತ್ತದೆ, ಆಗಲಿ. ಕುಂಕುಮ ಪೆಟ್ಟಿಗೆಯ ನೆತ್ತಿಗೆ ಇಡಿ. ಕ್ಯೂಆರ್ ಕೋಡಿಗೇ ಇಡಬೇಕೆಂದರೆ ನಡುವೆ ಇಡಿ, ಮೂಲೆಗೆ ಬೇಡ. ಇದಕ್ಕೆ ಶಾಸ್ತ್ರವಿದೆ. 1994ರಲ್ಲಿ ಜಪಾನಿನ ಡೆನ್ಸೋ ಕಂಪನಿಯ ಮಸಾಹಿರೊ ಹಾರಾ ಮತ್ತವರ ತಂಡ ಕಾರಿನ ಬಿಡಿಭಾಗಗಳ ಲೆಕ್ಕ ಇಡಲೆಂದು ಈ ಕಪ್ಪುಬಿಳುಪು ಚೌಕವನ್ನು ಮಾಡಿತು. ಗ್ರೀಸು ಮೆತ್ತಿದರೂ, ಹರಿದರೂ ಓದಬೇಕಿತ್ತು. ಅದಕ್ಕಾಗಿ ಮಾಹಿತಿಯ ಜೊತೆಗೆ ತಪ್ಪು ಸರಿಪಡಿಸುವ ಗಣಿತವನ್ನೂ ಒಳಗೆ ಹೆಣೆದರು. ಅತ್ಯಂತ ಗಟ್ಟಿ ನಮೂನೆಯಲ್ಲಿ ಸುಮಾರು ಶೇ. 30ರಷ್ಟು ಅಳಿಸಿಹೋದರೂ ಫೋನು ಓದಿಕೊಳ್ಳುತ್ತದೆ. ಕಂಪನಿಗಳು ನಟ್ಟನಡುವೆ ತಮ್ಮ ಗುರುತು ಅಂಟಿಸಿಕೊಂಡು ಬದುಕಿರುವುದು ಇದೇ ಧೈರ್ಯದ ಮೇಲೆ. ಆದರೆ ಮೂರು ಮೂಲೆಯ ದೊಡ್ಡ ಚೌಕಗಳು ಅಳಿಸಿದರೆ ಕೋಡು ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದೇ ಫೋನಿಗೆ ತಿಳಿಯುವುದಿಲ್ಲ. ಜಪಾನಿನ ಕಾರಿನ ಗ್ರೀಸು ತಡೆದುಕೊಂಡ ಕೋಡು ನಮ್ಮ ಕುಂಕುಮವನ್ನೂ ತಡೆದುಕೊಳ್ಳುತ್ತದೆ, ಜಾಗ ನೋಡಿ ಇಟ್ಟರೆ.

ದಿನಾ ಬೆಳಿಗ್ಗೆ ನೀರು ಹಾಕಿ ಗುಡಿಸಿದ ಮೇಲೆ ಮನೆಯವರ ಫೋನಿನಿಂದ ನಿಮ್ಮದೇ ಕೋಡನ್ನು ಒಮ್ಮೆ ಸ್ಕ್ಯಾನ್ ಮಾಡಿ, ಹೆಸರು ನೋಡಿ. ರಾತ್ರೋರಾತ್ರಿ ನಿಮ್ಮ ಕೋಡಿನ ಮೇಲೆ ತನ್ನ ಕೋಡು ಅಂಟಿಸಿ ಹೋಗುವ ಕಳ್ಳನಿದ್ದಾನೆ. ಬೀಗ ಮುರಿಯದೆ ಗಲ್ಲಾ ಹೊಡೆಯುವ ವಿದ್ಯೆ ಅದು.

"ಟಿಕ್ ಬಂತು ನೋಡಿ"

ಗಿರಾಕಿ ಫೋನು ತಿರುಗಿಸಿ ಹಸಿರು ಟಿಕ್ ತೋರಿಸುತ್ತಾನೆ. ಪೆಟ್ಟಿಗೆ ಸುಮ್ಮನಿದೆ. ಈಗ ನೀವೇನು ಮಾಡಬೇಕು?

ಅವನ ಫೋನು ನೋಡಬೇಡಿ. ಟಿಕ್ ತೋರಿಸುವುದಷ್ಟೇ ಕಸುಬಾಗಿರುವ ನಕಲಿ ಆ್ಯಪುಗಳಿವೆ. ನಿಮ್ಮ ಫೋನಿನಲ್ಲಿ ನಿಮ್ಮ ಖಾತೆ ನೋಡಿ. ದುಡ್ಡು ಹೊರಡುವುದು ಅವನ ಬ್ಯಾಂಕಿನಿಂದ. ರಾಷ್ಟ್ರೀಯ ಪಾವತಿ ನಿಗಮದ ಮೂಲಕ ಹಾದು ನಿಮ್ಮ ಬ್ಯಾಂಕು ಸೇರುತ್ತದೆ. ಆಮೇಲೆ ಕಂಪನಿಯ ಕಂಪ್ಯೂಟರು ಪೆಟ್ಟಿಗೆಯ ಸಿಮ್ಮಿಗೆ ಸುದ್ದಿ ಮುಟ್ಟಿಸುತ್ತದೆ. ಈ ಕೊನೆಯ ಹೆಜ್ಜೆಯಲ್ಲಿ ಮಳೆಗೋ ನೆಟ್‌ವರ್ಕಿಗೋ ಸುದ್ದಿ ನಿಂತಿರಬಹುದು, ದುಡ್ಡು ಬಂದಿರುತ್ತದೆ. ನಡುವಿನ ಹೆಜ್ಜೆಯಲ್ಲಿ ನಿಂತಿದ್ದರೆ ದುಡ್ಡೇ ಬಂದಿರುವುದಿಲ್ಲ. ಗಿರಾಕಿ ಕಳ್ಳನೋ, ಸಿಗ್ನಲ್ ಕಳ್ಳನೋ ಎಂದು ಮುಖ ನೋಡಿ ತೀರ್ಮಾನಿಸಬೇಡಿ. ನನ್ನ ಮುಖ ನೋಡಿ ಒಬ್ಬರು ತೀರ್ಮಾನಿಸಿದ್ದಾರೆ, ಆ ಕಡೆ ಈಗ ಹೋಗುವುದಿಲ್ಲ.

ಪೆಟ್ಟಿಗೆಯ ನಿಜವಾದ ಉಪಯೋಗವೂ ಇಲ್ಲೇ ಇದೆ. ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ, ಪೇಟಿಎಂ ಈ ಮಾತಾಡುವ ಪೆಟ್ಟಿಗೆ ತಂದದ್ದು 2019ರಲ್ಲಿ. ನಡುವಿನ ವರ್ಷಗಳಲ್ಲಿ ಬೋಂಡಾ ಬಿಡುವವರು ಹಿಟ್ಟಿನ ಕೈ ಒರೆಸಿಕೊಂಡು ಪ್ರತಿ ಹತ್ತು ರೂಪಾಯಿಗೂ ಮೆಸೇಜು ತೆಗೆದು ನೋಡುತ್ತಿದ್ದರು. ಸಂಜೆ ಆರರ ರಷ್ಷಿನಲ್ಲಿ ಅದು ಆಗುವ ಮಾತೇ? ಪೆಟ್ಟಿಗೆ ಬಂದ ಮೇಲೆ ಕಣ್ಣು ಬಾಣಲೆಯ ಮೇಲೆ, ಕಿವಿ ದುಡ್ಡಿನ ಮೇಲೆ. ಓದಲು ಬಾರದವರಿಗೂ ತಮ್ಮ ದುಡ್ಡು ತಮಗೇ ತಿಳಿಯುತ್ತದೆ, ಮಗನನ್ನು ಕರೆದು "ಎಷ್ಟು ಬಂತೋ ನೋಡು" ಅನ್ನಬೇಕಿಲ್ಲ. ಇನ್ನೊಂದು ಲಾಭ: "ಚಿಲ್ಲರೆ ಇಲ್ಲ, ಚಾಕ್ಲೇಟ್ ತಗೊಳ್ಳಿ" ಎಂಬ ವ್ಯವಹಾರ ನಿಂತಿತು. ಚಾಕ್ಲೇಟಿನವರಿಗೆ ನಷ್ಟವಾಗಿರಬಹುದು, ಅದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಪೆಟ್ಟಿಗೆಗೆ ತಿಳಿಯದ ವಿಷಯ

ಉದ್ರಿ. ಬಂದ ದುಡ್ಡನ್ನು ಕೂಗುವ ಪೆಟ್ಟಿಗೆ ಬಾರದ ದುಡ್ಡಿನ ಬಗ್ಗೆ ಉಸಿರೆತ್ತುವುದಿಲ್ಲ. ಹಿಂದಿನ ಬೀದಿಯ ಮೇಸ್ತ್ರಿ ವಾರದ ಕೊನೆಗೆ ಕೊಡುತ್ತೇನೆಂದ ಸಾಮಾನಿನ ಲೆಕ್ಕಕ್ಕೆ ಆ ಉದ್ದನೆ ಪುಸ್ತಕ ಇರಲೇಬೇಕು. "ಇಂದು ನಗದು, ನಾಳೆ ಉದ್ರಿ" ಬೋರ್ಡನ್ನೂ ತೆಗೆಯಬೇಡಿ. ಹಿಂದೆ ನಮ್ಮೂರುಗಳಲ್ಲಿ ದೆವ್ವ ಓಡಿಸಲು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರಲ್ಲ, ತಂತ್ರ ಅದೇ. ಎರಡೂ ಎಷ್ಟು ಕೆಲಸ ಮಾಡಿದವು ಎಂಬುದು ಬೇರೆ ಮಾತು.

ಎಚ್ಚರಿಕೆ: ಪೆಟ್ಟಿಗೆ ಎರಡು ಕಡೆ ಮಾತಾಡುತ್ತದೆ

ಈ ಭಾಗವನ್ನು ಅಂಗಡಿ ಮುಚ್ಚಿದ ಮೇಲೆ, ನೀರು ಕುಡಿದು, ನಿಧಾನವಾಗಿ ಓದಿ.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಸಣ್ಣ ಅಂಗಡಿಗಳಿಗೆ ಬಂದವು. 2021-22ರಿಂದ ಯುಪಿಐನಲ್ಲಿ ಬಂದ ದುಡ್ಡನ್ನು ಕೂಡಿ, ಇಷ್ಟು ವಹಿವಾಟಿಗೆ ಜಿಎಸ್‌ಟಿ ಯಾಕಿಲ್ಲ ಎಂಬ ಪ್ರಶ್ನೆ. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡು ಮಾಯವಾಗಿ "ನೋ ಯುಪಿಐ, ಓನ್ಲಿ ಕ್ಯಾಶ್" ಎಂಬ ಕೈಬರಹ ನೇತಾಡಿತು. ವರ್ತಕರು ಜುಲೈ 25ಕ್ಕೆ ಬಂದ್ ಕರೆದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವರ್ತಕರನ್ನು ಕರೆಸಿ ಮಾತಾಡಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಬಂದ್ ಕೈಬಿಟ್ಟರು. ಕೋಡುಗಳು ಒಂದೊಂದಾಗಿ ಮತ್ತೆ ಗೋಡೆಗೆ ಬಂದವು.

ಹಾಗಾಗಿ ಈ ಲೆಕ್ಕ ಬಾಯಿಪಾಠವಾಗಿರಲಿ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಲವತ್ತು ಲಕ್ಷ ಅಂದರೆ ದೊಡ್ಡವರ ಮಾತು ಎನ್ನಿಸುತ್ತದೆ. 365ರಿಂದ ಭಾಗಿಸಿ: ದಿನಕ್ಕೆ ಸುಮಾರು 11,000. ಬೆಳಗಿನ ಹಾಲಿನಿಂದ ರಾತ್ರಿಯ ಬ್ರೆಡ್ಡಿನವರೆಗೆ ಬಾಗಿಲು ತೆರೆದಿರುವ ಕಾಂಡಿಮೆಂಟ್ಸಿಗೆ ಅದು ದೂರದ ಮಾತಲ್ಲ. ಇದು ಲಾಭವಲ್ಲ, ವಹಿವಾಟು. ಸಾವಿರದ ಸರಕು ಮಾರಿ ನಲವತ್ತು ರೂಪಾಯಿ ಉಳಿದರೂ ಲೆಕ್ಕಕ್ಕೆ ಸಾವಿರವೇ.

ಬರೀ ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾತ್ರ ಮಾರುವವರಿಗೆ ನೋಂದಣಿಯೇ ಬೇಡ. ಆದರೆ ಹಾಲಿನ ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬ ಇಟ್ಟಿರೋ, ನಲವತ್ತರ ಲೆಕ್ಕಕ್ಕೆ ಹಾಲಿನ ದುಡ್ಡೂ ಸೇರುತ್ತದೆ. ಮಿತಿ ದಾಟಿದವರು ಒಂದೂವರೆ ಕೋಟಿಯವರೆಗೆ ರಾಜಿ ತೆರಿಗೆಗೆ ಹೋಗಬಹುದು. ಆಡಿಟರ್ ಬಾಯಲ್ಲಿ ಅದು ಕಾಂಪೊಸಿಷನ್, ವ್ಯಾಪಾರಿಗಳಿಗೆ ಶೇ. 1. ಅದನ್ನು ಗಿರಾಕಿಯಿಂದ ಕೇಳಿ ಪಡೆಯುವ ಹಾಗಿಲ್ಲ, ಗಲ್ಲಾದಿಂದಲೇ ಹೋಗಬೇಕು. ದಪ್ಪ ಲಾಭದವರಿಗೆ ಶೇ. 1 ಸೊಳ್ಳೆ ಕಚ್ಚಿದ ಹಾಗೆ, ಹಾಲಿನ ಪ್ಯಾಕೆಟ್ಟಿನಷ್ಟು ತೆಳ್ಳಗಿನ ಲಾಭದವರಿಗೆ ಜಿಗಣೆ. ಇಲಾಖೆಯ ಪುಸ್ತಕದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿದ್ದಾರೆ, ನನಗದು ಸರಿಕಾಣುವುದಿಲ್ಲ.

ಅಂಗಡಿಗೆ ಬೇರೆ ಖಾತೆ ಇಡಿ. ಊರಿನಿಂದ ತಮ್ಮ ಕಳಿಸಿದ ದುಡ್ಡು, ಚೀಟಿ ಎತ್ತಿದ ದುಡ್ಡು, ಸೊಸೆ ಕಳಿಸಿದ ಕರೆಂಟು ಬಿಲ್ಲು, ಎಲ್ಲ ಅದೇ ಕೋಡಿಗೆ ಬಂದರೆ ಎಲ್ಲವೂ ನೀವು ಮಾರಿದ ಸಾಮಾನಿನಂತೆಯೇ ಕಾಣುತ್ತದೆ. "ಐನೂರು ಕ್ಯಾಶ್ ಕೊಡಿ, ಸ್ಕ್ಯಾನ್ ಮಾಡ್ತೀನಿ" ಅನ್ನುವವರನ್ನು ಎಟಿಎಂ ಕಡೆ ತೋರಿಸಿ.

ಮಾತಾಡುವ ಬಾಯಿಯಿಂದ ಒಳ್ಳೆಯದೂ ಆಗುತ್ತದೆ ಎನ್ನದಿದ್ದರೆ ತಪ್ಪಾದೀತು. 2020ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆಂದು ಬಂದ ಪಿಎಂ ಸ್ವನಿಧಿ ಮೊದಲ ಸುತ್ತಿಗೆ 10,000 ರೂಪಾಯಿವರೆಗೆ ಸಾಲ ಕೊಟ್ಟಿತು, ಫೋನಿನಲ್ಲಿ ದುಡ್ಡು ಪಡೆದವರಿಗೆ ಒಂದಿಷ್ಟು ವಾಪಸ್ಸೂ ಇಟ್ಟಿತು. ಬೆಳಿಗ್ಗೆ ಒಂಬೈನೂರು ಕೊಟ್ಟು ಸಂಜೆ ಸಾವಿರ ಕೇಳುವವರ ಮುಂದೆ ನಿಂತವರಿಗೆ ಇದರ ಬೆಲೆ ಗೊತ್ತು.

ಬೋಣಿ ಮಾಡುವ ವಿಧಾನ

ಈ ಭಾಗ ಕಂಪನಿಯವರಿಗೆ ಹೊಳೆದೇ ಇಲ್ಲ. ದಿನದ ಮೊದಲ ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಬೇಕು. ದನಿಯನ್ನು ಕಣ್ಣಿಗೊತ್ತಿಕೊಳ್ಳುವುದು ಹೇಗೆ? ಕೆಲವರು ಪೆಟ್ಟಿಗೆಯನ್ನೇ ಮುಟ್ಟಿ ನಮಸ್ಕರಿಸುತ್ತಾರೆ. ನಾನು ಹೂವು ಕೊಳ್ಳುವ ಅಮ್ಮ ಅದನ್ನು ಒಪ್ಪುವುದಿಲ್ಲ. ಮೊದಲ ನೋಟು ಕೈಗೆ ಬರುವವರೆಗೆ ಅವರ ಕೋಡು ಗೋಡೆಯ ಕಡೆ ತಿರುಗಿರುತ್ತದೆ.

ಒಂದು ಬೆಳಿಗ್ಗೆ ಮೊಳ ಸೇವಂತಿಗೆಗೆ ನಾನೇ ಮೊದಲ ಗಿರಾಕಿ, ಜೇಬಿನಲ್ಲಿ ಫೋನು ಮಾತ್ರ.

"ಬೋಣಿ ಅಣ್ಣ, ನೋಟೇ ಕೊಡಿ."

"ನೋಟಿಲ್ಲ ಅಮ್ಮ."

"ಪಕ್ಕದ ಅಂಗಡೀಲಿ ಇಸ್ಕೊಂಡ್ ಬನ್ನಿ, ಕೊಡ್ತಾನೆ."

ಪಕ್ಕದ ಅಂಗಡಿಯಲ್ಲಿ ಐವತ್ತು ಸ್ಕ್ಯಾನ್ ಮಾಡಿದೆ, ಆತ ನೋಟು ಕೊಟ್ಟ. ಅಲ್ಲಿ ಪೆಟ್ಟಿಗೆ "ಸ್ವೀಕರಿಸಲಾಗಿದೆ" ಎಂದಿತು, ಇಲ್ಲಿ ಹೂವಿನಮ್ಮ ನೋಟನ್ನು ಎರಡೂ ಕಣ್ಣಿಗೊತ್ತಿಕೊಂಡು ಕೋಡನ್ನು ರಸ್ತೆಯ ಕಡೆ ತಿರುಗಿಸಿದರು. ಏನನ್ನೂ ಮಾರದ ಪಕ್ಕದವನ ಆ ವರ್ಷದ ವಹಿವಾಟಿಗೆ ಐವತ್ತು ರೂಪಾಯಿ ಸೇರಿತು.